ನನ್ನದೆಂಬ ಪಾತ್ರ

“ನಿಮ್ಮಪ್ಪನ ಮನೆ ಪಾತ್ರೆ ಅಂದ್ಕೊಂಡ್ಯೇನೇ ಮುಂಡೆ, ಹಂಗೆ ಎತ್ತಿ ಕುಕ್ಕೋಕೆ? ಒಳಗೆ ಪ್ರಾರ್ಥನೆ ನಡೀತಿರೋದು ಕಿವಿಗೆ ಬೀಳ್ತಿಲ್ವಾ?”

ಮ್ಯಾನೇಜರು ಅರಚಿದ ಸದ್ದು ಹಂಡೆ ಬಿದ್ದ ಸದ್ದಿಗಿಂತ ಜೋರಾಗಿತ್ತು. ಅದನ್ನು ಅವನಿಗೆ ಹೇಳುವವರು ಯಾರು? ನಮ್ಮೆಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಕೈಜಾರಿದ ಹಂಡೆಯನ್ನು ಎರಡೂ ತೋಳುಗಳಲ್ಲಿ ತಬ್ಬಿಕೊಂಡು ಮತ್ತೆ ಕಲ್ಲಿನ ಮೇಲಿಟ್ಟಳು. ಸೋಡಾಪುಡಿಗೆ ಸುಲಿದುಹೋದ ಅವಳ ಬೆರಳುಗಳಲ್ಲಿ ಹಿಡಿತವೇ ನಿಲ್ಲುತ್ತಿರಲಿಲ್ಲ. ನಾನು ಬಾಯಿ ತೆಗೆಯುವವಳಿದ್ದೆ, ಅವಳು ಕಣ್ಣಲ್ಲೇ ಬೇಡ ಅಂದಳು. ನನಗೆ ಮೈಯೆಲ್ಲ ಉರಿಯಿತು.

ಆ ಧಾರ್ಮಿಕ ಸಂಸ್ಥೆಯ ಹಿತ್ತಲಲ್ಲಿ ನಾವು ಐದು ಜನ ಹೆಂಗಸರಿದ್ದೆವು. ಗಂಡ ಸತ್ತವಳು, ಗಂಡ ಬಿಟ್ಟವಳು, ಗಂಡನನ್ನು ಬಿಟ್ಟವಳು, ಎಲ್ಲ ಬಗೆಯವರೂ. ಕೊನೆಯ ಬಗೆಯವಳು ನಾನು. ಬೆಳಗಾಗುವ ಮೊದಲೇ ಎದ್ದು ಪ್ರಾರ್ಥನಾ ಮಂದಿರ ಒರೆಸುವುದು, ಒರೆಸಿದ ಮೇಲೆ ಅದರೊಳಗೆ ಕಾಲಿಡದೆ ಇರುವುದು, ಅಲ್ಲಿದ್ದ ಅಷ್ಟೂ ಗಂಡಸರಿಗೆ ಬೇಯಿಸುವುದು, ಅವರು ಉಂಡೆದ್ದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ನಿಂತು ಉಣ್ಣುವುದು. ಇದನ್ನು ಕೆಲಸ ಅನ್ನುವಂತಿರಲಿಲ್ಲ, ಸೇವೆ ಅನ್ನಬೇಕಿತ್ತು. ಬಂದ ಹೊಸದರಲ್ಲಿ ನಾನು ಬಾಯಿತಪ್ಪಿ ಕೆಲಸ ಅಂದಾಗ ಗುರುಗಳು ನಗುನಗುತ್ತಲೇ ತಿದ್ದಿದ್ದರು. ಕೆಲಸಕ್ಕಾದರೆ ರಜೆ ಇರುತ್ತದೆ, ಸಾಕಾದರೆ ಬಿಡುವುದೂ ಇರುತ್ತದೆ. ಸೇವೆಗೆ ಅವೆರಡೂ ಇಲ್ಲ ಅನ್ನುವುದು ತಿಳಿಯಲು ನನಗೆ ಹೆಚ್ಚು ಕಾಲ ಹಿಡಿಯಲಿಲ್ಲ.

ಅಧ್ಯಯನದ ಮೇಡಂ ಬಂದದ್ದು ಆ ದಿನಗಳಲ್ಲೇ. ಧಾರ್ಮಿಕ ಸಂಸ್ಥೆಗಳಲ್ಲಿ ಹೆಣ್ಣಿಗೆ ಏನು ಜಾಗವಿದೆ ಅಂತ ಆಕೆ ಸಂಶೋಧನೆ ಮಾಡುತ್ತಿದ್ದಳಂತೆ. ಕೆಟ್ಟವಳೇನಲ್ಲ. ಬಟ್ಟೆ ನೆನೆಯುತ್ತದೆ ಅಂತ ನೋಡದೆ ನಮ್ಮ ಪಕ್ಕ ಒದ್ದೆ ಕಲ್ಲಿನ ಮೇಲೇ ಕೂತಳು. ದೊಡ್ಡಕ್ಕನ ಬೆರಳು ನೋಡಿ ಮರುದಿನ ಮುಲಾಮು ತಂದುಕೊಟ್ಟಳು. ನಮ್ಮನ್ನೆಲ್ಲ ‘ನೀವು’ ಅಂತ ಮಾತಾಡಿಸಿದಳು. ಅಭ್ಯಾಸವಿಲ್ಲದ ನಾವು, ಹಿಂದೆ ಯಾರೋ ದೊಡ್ಡವರು ಬಂದು ನಿಂತಿರಬೇಕು ಅಂತ ತಿರುಗಿ ತಿರುಗಿ ನೋಡಿದೆವು. ಹಿಂದೆ ನಿಂತಿದ್ದವನು ಮ್ಯಾನೇಜರೇ. ಅವನು ಬಾಗಿಲಿಗೆ ಒರಗಿ ಹಲ್ಲು ಕೆದಕುತ್ತಿದ್ದ. ಅವನೆದುರಿಗೆ ಏನಂತ ಹೇಳುವುದು? ಚೆನ್ನಾಗಿದ್ದೇವೆ ಅಂದೆವು.

ನಲ್ಲಿಯ ನೀರು ಹಂಡೆಗೆ ಧೋ ಅಂತ ಬೀಳುತ್ತಿತ್ತು. ಆ ಸದ್ದಿನ ನಡುವೆ ಮೇಡಂ ದೊಡ್ಡಕ್ಕನನ್ನು ಕೇಳಿದಳು: “ಈ ಸಂಸ್ಥೆಯಲ್ಲಿ ನಿಮ್ಮ ಪಾತ್ರ ಏನಿದೆ?”

ದೊಡ್ಡಕ್ಕನಿಗೆ ಕಿವಿ ಸ್ವಲ್ಪ ಮಂದ. ಜೊತೆಗೆ ಬದುಕಿಡೀ ಪಾತ್ರೆ ತಿಕ್ಕಿದವಳು, ಅವಳ ಕಿವಿಗೆ ಬಿದ್ದದ್ದು ಪಾತ್ರೆಯೇ. ಹಿಂದಿನ ವಾರವಷ್ಟೇ ಒಂದು ಚೊಂಬು ಕಾಣೆಯಾಗಿ, ಮ್ಯಾನೇಜರು ನಮ್ಮ ಗಂಟುಮೂಟೆಗಳನ್ನೆಲ್ಲ ಅಂಗಳಕ್ಕೆ ಕೊಡವಿ ಹುಡುಕಿದ್ದ. ಒಳಬಟ್ಟೆಗಳನ್ನೂ ಕೋಲಿನಲ್ಲಿ ಎತ್ತಿ ನೋಡಿದ್ದ. ದೊಡ್ಡಕ್ಕ ಗಾಬರಿಯಾಗಿ ಅವನತ್ತ ನೋಡುತ್ತಲೇ ಉತ್ತರ ಕೊಟ್ಟಳು.

“ನಂದು ಅಂತ ಒಂದೂ ಇಲ್ಲ ತಾಯೀ. ಎಲ್ಲಾ ಅವರದ್ದೇ. ಬರಿಗೈಲಿ ಬಂದೋಳು, ಬರಿಗೈಲೇ ಹೋಗ್ತೀನಿ.”

ಬರೆದುಕೊಳ್ಳುತ್ತಿದ್ದ ಮೇಡಂ ಕೈ ನಿಂತಿತು. ಆಕೆಯ ಕಣ್ಣು ತುಂಬಿಬಂತು. ನನಗೆ ನಗು ತಡೆಯಲಾಗಲಿಲ್ಲ. ಇವಳು ಹೇಳ್ತಿರೋದು ಪಾತ್ರೆ ವಿಷಯ ಮೇಡಂ ಅಂದೆ. ಕಳ್ಳತನದ ಕತೆಯನ್ನೂ ಹೇಳುವವಳಿದ್ದೆ, ಅಷ್ಟರಲ್ಲಿ ಮ್ಯಾನೇಜರು ಕೆಮ್ಮಿದ. ಆ ಕೆಮ್ಮಿನ ಅರ್ಥ ನಮಗೆಲ್ಲ ಗೊತ್ತು. ಮೇಡಂ ನನ್ನ ಭುಜ ತಟ್ಟಿ, ಪಾತ್ರೆ ಅಂದರೂ ಅದೇ ಅಲ್ಲವೇ, ಅದು ಇನ್ನೂ ಆಳವಾಗಿದೆ ಅಂದಳು. ಏನು ಆಳವೋ, ನನಗಂತೂ ಹಂಡೆಯ ತಳ ಬಿಟ್ಟು ಇನ್ನೇನೂ ಕಾಣಲಿಲ್ಲ.

ಕೆಲವು ತಿಂಗಳಾದ ಮೇಲೆ ಆಕೆಯ ಪುಸ್ತಕ ಬಂತು. ಗುರುಗಳು ನಮ್ಮನ್ನು ಮಂದಿರದ ಮೆಟ್ಟಿಲ ಕೆಳಗೆ ನಿಲ್ಲಿಸಿ, ತಾವು ಮೇಲೆ ನಿಂತು ಓದಿ ಹೇಳಿದರು. ‘ನನ್ನದೆಂಬ ಪಾತ್ರ ಒಂದೂ ಇಲ್ಲ, ಎಲ್ಲವೂ ಅವರದೇ.’ ಅವರು ಅಂದರೆ ದೇವರು ಅಂತ ಪುಸ್ತಕದಲ್ಲಿ ಬಿಡಿಸಿ ಬರೆದಿತ್ತಂತೆ. ದೊಡ್ಡಕ್ಕ ಹೇಳಿದ್ದು ಮ್ಯಾನೇಜರನ್ನು. ಇಲ್ಲಿಯ ಹೆಣ್ಣುಮಕ್ಕಳು ತಮಗೆ ತಾವೇ ಒಲಿದು ಇಂಥ ಬದುಕನ್ನು ಆರಿಸಿಕೊಂಡಿದ್ದಾರೆ ಅಂತಲೂ ಇತ್ತು. ಅದನ್ನು ಓದುವಾಗ ಗುರುಗಳ ದನಿ ನಡುಗಿತು. ಇಂಥ ತ್ಯಾಗಕ್ಕೆ ಗೌರವವಾಗಿ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗಾಗಿಯೇ ಒಂದು ಕೋಣೆ ಮಾಡುವುದಾಗಿ ಹೇಳಿದರು.

ನಾವು ಹಿಗ್ಗಿಹೋದೆವು. ಬಾಯಿ ಮುಚ್ಚುವುದೇ ಇಲ್ಲವೆಂದು ನಾವೆಲ್ಲ ತಮಾಷೆಗೆ ಮೂಗಿ ಅಂತ ಕರೆಯುತ್ತಿದ್ದವಳು, ಅದಕ್ಕೆ ಫ್ಯಾನು ಇರುತ್ತದಾ ಅಂತ ಕೇಳಿಯೇಬಿಟ್ಟಳು. ಫ್ಯಾನು ಇರುತ್ತದೆ ಅಂದ ಮ್ಯಾನೇಜರು. ಕುರ್ಚಿ, ಮೇಜು, ಪುಸ್ತಕದ ಕಪಾಟು ಎಲ್ಲ ಇರುತ್ತವೆ, ಓದಿದವರು ಬಂದು ಹೆಣ್ಣುಮಕ್ಕಳ ಬಗ್ಗೆ ಅಧ್ಯಯನ ಮಾಡುತ್ತಾರೆ. ಅದಕ್ಕೆ ಹಿತ್ತಲಿನ ಕೋಣೆಯೇ ಸರಿಯಾದ ಜಾಗ. ಉದ್ಘಾಟನೆಯ ರಾತ್ರಿಯಿಂದ ನೀವು ನಿಮ್ಮ ಚಾಪೆ ಎತ್ತಿಕೊಂಡು ದಾಸ್ತಾನು ಕೋಣೆಗೆ ನಡೀರಿ ಅಂದ.

ಹಿತ್ತಲಿನ ಕೋಣೆ ಅಂದರೆ ನಾವು ಮಲಗುತ್ತಿದ್ದ ಕೋಣೆ.

ಮೂಟೆಗಳ ಸಂದಿಯಲ್ಲಿ ಮಲಗುವುದು ನಮಗೆ ದೊಡ್ಡದಲ್ಲ, ಇಲಿಗಳೂ ಹೊಸವಲ್ಲ. ನಮ್ಮಲ್ಲೇ ಕಿರಿಯವಳಾದ ಚಿಕ್ಕಿ ಮಾತ್ರ ದಾಸ್ತಾನು ಕೋಣೆಯ ಬಾಗಿಲನ್ನು ಹಿಂದೆ ಮುಂದೆ ತಡವಿ ನೋಡಿ ಬಂದು ನನ್ನ ಪಕ್ಕ ಕೂತಳು.

“ಅಕ್ಕಾ, ಅದಕ್ಕೆ ಒಳಗಿಂದ ಚಿಲಕ ಇಲ್ಲ. ಬೀಗ ಹೊರಗಡೆ. ಬೀಗದ ಕೈ ಅವನ ಸೊಂಟದಲ್ಲಿ.”

ರಾತ್ರಿ ಹೊತ್ತು ಕುಡಿಯುವ ನೀರು ತಂದಿಡು ಅಂತ ಅವನು ಒಬ್ಬೊಬ್ಬರನ್ನೂ ತನ್ನ ಕೋಣೆಗೆ ಕರೆದವನೇ. ಹಿತ್ತಲಿನ ಕೋಣೆಯ ಚಿಲಕವೊಂದೇ ನಮ್ಮನ್ನು ಇಷ್ಟು ದಿನ ಕಾದದ್ದು. ನಾನು ಗುರುಗಳ ಹತ್ತಿರ ಹೋದೆ. ನಾಲಿಗೆ ಹಿಡಿದೂ ಹಿಡಿದೂ ವಿಷಯ ಹೇಳಿದೆ. ದೇವರ ನೆರಳಲ್ಲಿ ಇರುವವರಿಗೆ ಬಾಗಿಲಿನ ಚಿಂತೆ ಯಾಕೆ, ಮನಸ್ಸು ಶುದ್ಧವಾಗಿಟ್ಟುಕೋ ಅಂದರು. ಅವರ ಕೋಣೆಗೆ ಎರಡು ಬೀಗ ಇದ್ದವು. ಮೇಡಂ ಬಂದಾಗ ಆಕೆಗೂ ಹೇಳಿದೆ. ಆಕೆಯ ಮುಖ ಬಾಡಿತು. ಸಂಸ್ಥೆಯ ಒಳಗಿನ ವಿಷಯಕ್ಕೆ ತಾನು ತಲೆ ಹಾಕಿದರೆ ಸಂಶೋಧನೆಗೆ ಧಕ್ಕೆಯಾಗುತ್ತದೆ, ಉದ್ಘಾಟನೆ ಮುಗಿಯಲಿ, ಆಮೇಲೆ ನೋಡೋಣ ಅಂದಳು.

ಉದ್ಘಾಟನೆಯ ದಿನ ಮೇಡಂ ಕಡೆಯವರು, ಗುರುಗಳ ಕಡೆಯವರು ಎಲ್ಲ ಸಭಾಂಗಣದಲ್ಲಿ ತುಂಬಿದ್ದರು. ಭಾಷಣಗಳು ಮೈಕಿನಲ್ಲಿ ಹಿತ್ತಲಿಗೂ ಕೇಳುತ್ತಿದ್ದವು. ಅತಿಥಿಗಳ ಊಟಕ್ಕೆ ದೊಡ್ಡ ಹಂಡೆಯಲ್ಲಿ ಅನ್ನ ಒಲೆಯ ಮೇಲಿತ್ತು. ಮಧ್ಯಾಹ್ನ ಉಂಡವರೆಲ್ಲ ಹೊರಟುಹೋಗುವರು, ಕತ್ತಲಾಗುವ ಹೊತ್ತಿಗೆ ನಾವು ದಾಸ್ತಾನು ಕೋಣೆಯಲ್ಲಿರುವೆವು. ನಾನು ಕಿಟಕಿಗೂ ಒಲೆಗೂ ಸುಮ್ಮನೆ ಅಡ್ಡಾಡುತ್ತಿದ್ದೆ. ಚಿಕ್ಕಿ ಹೆದರಿಕೆಗೆ ಎರಡು ಸಲ ವಾಂತಿ ಮಾಡಿಕೊಂಡಳು. ದೊಡ್ಡಕ್ಕ ಅವಳ ಬಾಯಿ ಒರೆಸಿ, ಕೈ ತೊಳೆದುಕೊಂಡು, ಮಾಮೂಲಿ ದನಿಯಲ್ಲಿ ಹೇಳಿದಳು.

“ಬನ್ರೇ, ಮಲ್ಕೊಳ್ಳೋಣ.”

ಬಾಗಿಲಿಗೆ ಅಡ್ಡ ಕಟ್ಟಿದ್ದ ರಿಬ್ಬನ್ನಿನ ಕೆಳಗಿಂದ ನಮ್ಮ ಕೋಣೆಗೆ ನುಸುಳಿ, ಅಲ್ಲಿದ್ದ ಹೊಸ ಕುರ್ಚಿಗಳನ್ನೂ ಮೇಜನ್ನೂ ಹೊತ್ತು ಹಿತ್ತಲಿನ ಬಿಸಿಲಿಗೆ ಹಾಕಿದೆವು. ಚಾಪೆ ಹಾಸಿ ಐದು ಜನವೂ ಸಾಲಾಗಿ ಅಡ್ಡಾದೆವು. ಬಾಗಿಲನ್ನು ಚಿಲಕ ಹಾಕದೆ ಬರೀ ಮುಂದಕ್ಕೆ ಎಳೆದಿಟ್ಟೆವು. ಹಗಲು ಹೊತ್ತಿನಲ್ಲಿ ಮಲಗಿ ಯಾವ ಕಾಲವಾಗಿತ್ತೋ.

ಹೊರಗೆ ಚಪ್ಪಾಳೆ ಬಿತ್ತು. ರಿಬ್ಬನ್ ಕತ್ತರಿಸಿರಬೇಕು. ಬಾಗಿಲು ತೆರೆದುಕೊಂಡಿತು, ಚಪ್ಪಾಳೆ ಅರ್ಧಕ್ಕೇ ನಿಂತಿತು. ಮುಂದೆ ಗುರುಗಳು, ಅವರ ಪಕ್ಕ ಕತ್ತರಿ ಹಿಡಿದ ಮ್ಯಾನೇಜರು. ಒಳಗೆ ಬರಬೇಕಾದರೆ ನಮ್ಮನ್ನು ದಾಟಿಯೇ ಬರಬೇಕು, ಹೆಣ್ಣಿನ ಸೆರಗೂ ಸೋಕಬಾರದ ಗುರುಗಳು ಎತ್ತಿದ ಕಾಲನ್ನು ಹೊಸ್ತಿಲ ಆಚೆಗೇ ಇಳಿಸಿದರು.

“ಏಳಿ ತಾಯಂದಿರಾ, ದೊಡ್ಡವರು ಬಂದಿದಾರೆ” ಅಂದ ಮ್ಯಾನೇಜರು. ನಾವು ತಾಯಂದಿರಾದದ್ದು ಅದೇ ಮೊದಲು. ಯಾರೂ ಅಲುಗದಿದ್ದಾಗ ಅವನು ಬಗ್ಗಿ, ನನ್ನ ಕಿವಿಯ ಹತ್ತಿರ ಬಂದು, “ಎದ್ದೇಳ್ತೀಯೋ, ಜುಟ್ಟು ಹಿಡಿದು ಎಳೀಲೋ, ಬೇವಾರ್ಸಿ?” ಅಂದ.

“ಎಳಿ” ಅಂದೆ, ಎಲ್ಲರಿಗೂ ಕೇಳುವ ಹಾಗೆ. “ಎಲ್ರೂ ಇದಾರೆ, ಅವರೆದುರಿಗೇ ಎಳಿ. ಕತ್ತಲಾಗ್ಲಿ ಅಂತ ಯಾಕೆ ಕಾಯ್ತೀಯ?”

ಅವನು ಸರಕ್ಕನೆ ನೆಟ್ಟಗಾಗಿ ಗುರುಗಳತ್ತ ತಿರುಗಿದ. ಹಿಂದಿನವರು ಏನಂತೆ ಏನಂತೆ ಅಂತ ಕೇಳತೊಡಗಿದರು. ಮೇಡಂ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಹೊಸ್ತಿಲಾಚೆ ನಿಂತು ಚಿಕ್ಕಿಯನ್ನು ನೋಡಿದಳು, ನನ್ನನ್ನು ನೋಡಿದಳು. ಒಂದು ಕಾಲನ್ನು ಒಳಗಿಟ್ಟಳು. ಆಮೇಲೆ ಗುರುಗಳ ಮುಖ ನೋಡಿ ಅದನ್ನು ಹಿಂದಕ್ಕೆ ತೆಗೆದುಕೊಂಡಳು.

ಅಡುಗೆಮನೆಯಿಂದ ಅನ್ನ ತಳಹಿಡಿದ ವಾಸನೆ ಬರತೊಡಗಿತು. ನನ್ನ ಮೈ ನನ್ನನ್ನು ಕೇಳದೆಯೇ ಮೇಲೇಳಲು ಹೊರಟಿತು. ಮೊಣಕೈ ಊರಿ ಅರ್ಧ ಎದ್ದೂ ಬಿಟ್ಟಿದ್ದೆ. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡೇ ನನ್ನ ತೋಳು ಹಿಡಿದು ಚಾಪೆಗೆ ಒತ್ತಿದಳು.

“ಸೀಯ್ಲಿ ಬಿಡೇ” ಅಂದಳು.