ಮೂವತ್ತೇಳು ಡಿಗ್ರಿಯಲ್ಲಿ ಬೆಳೆದದ್ದು

ಮೊಣಕೈವರೆಗೂ ಹಿಟ್ಟಾಗಿದ್ದಾಗ ಫೋನ್ ಬಂತು.

"ಸ್ಪೀಕರ್ ಹಾಕು ಕಂದ," ಎಂದಳು ಸುಫಿಯಾ. ಮಗಳು ಹುಮೇರಾ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಳು.

ಮೈಸೂರಿನ ಲ್ಯಾಬಿನಿಂದ ಅವಳ ಪಿಎಚ್‌ಡಿ ಗೈಡ್. "ನಿಮ್ಮ ಪ್ಲೇಟಲ್ಲಿ ಬೆಳೆದಿರೋದು ನಮ್ಮ ಈಸ್ಟ್ ಅಲ್ಲ. ಬೇಕರಿ ಈಸ್ಟ್. ಟೆಸ್ಟ್ ಮಾಡಿಸಿದೆ."

ಹುಣಸೂರಿನ ಈ ಬೇಕರಿ ಗಂಡನ ಮನೆಯವರದು. ಸುಫಿಯಾ ಬೆಳಿಗ್ಗೆ ಬನ್ನಿನ ಹಿಟ್ಟು ನಾದಿ, ಅದೇ ಬಟ್ಟೆಯಲ್ಲಿ ಮೈಸೂರಿನ ಬಸ್ಸು ಹತ್ತುತ್ತಿದ್ದಳು. ಬೇಕರಿ ಇದೆಯೆಂದು ಲ್ಯಾಬಿನಲ್ಲಿ ಹೇಳಿದ್ದಳು. ನಾದುವವಳು ತಾನೆಂದು ಹೇಳಿರಲಿಲ್ಲ. ಆಳುಗಳಿದ್ದಾರೆ ಎಂದಿದ್ದಳು.

ಅವಳ ಸಂಶೋಧನೆ ಈಸ್ಟಿನ ಒಂದು ಪ್ರೋಟೀನಿನ ಮೇಲೆ. ಇಕ್ಕಳದಂಥ ಆಕಾರ ಅದರದು. ಆರ್‌ಎನ್‌ಎಯ ಬೇಡದ ತುಂಡು ಕತ್ತರಿಸಿಹೋಗುವಾಗ ಉಳಿದ ತುದಿಗಳನ್ನು ಹಿಡಿದು ಕೂಡಿಸಲು ನೆರವಾಗುತ್ತದೆ. ಆ ಇಕ್ಕಳ ಕೆಡಿಸಿದ ಈಸ್ಟು ಮೂವತ್ತೇಳು ಡಿಗ್ರಿಯಲ್ಲಿ ಬೆಳೆಯಬಾರದು. ಅವಳ ಪ್ಲೇಟಿನಲ್ಲಿ, ಈಸ್ಟು ಬೆಳೆಸುವ ಆ ಪುಟ್ಟ ಮುಚ್ಚಳದ ತಟ್ಟೆಯಲ್ಲಿ, ಬೆಳೆದಿತ್ತು. ಇಕ್ಕಳವಿಲ್ಲದೆಯೂ ಜೀವಕೋಶ ಬದುಕುತ್ತದೆಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು.

"ಆ ಬೃಂದಾ ಬೆಂಚಲ್ಲೇ ಬನ್ ತಿಂತಾಳಲ್ಲ, ಅವಳದೇ ಕೆಲಸ. ಸೋಮವಾರದಿಂದ ಬರಬೇಡ ಅಂದಿದೀನಿ. ನೀವೇನಂತೀರಿ?"

ಬೆಂದ ಬನ್ನಿನಲ್ಲಿ ಈಸ್ಟು ಸತ್ತಿರುತ್ತದೆ, ಬದುಕಿರುವುದು ಹಸಿ ಹಿಟ್ಟಿನಲ್ಲಿ. ಬೇಕರಿಯವಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

"ಇರಬಹುದು, ಸರ್."

ಎಷ್ಟು ನಾಜೂಕಾಗಿ ಹೇಳಿದಳೆಂದರೆ, ಮಾತಿನ ನಡುವಿನಿಂದ ಏನನ್ನೋ ತೆಗೆದುಹಾಕಿದ್ದು ಅವಳಿಗೇ ಕೇಳಿಸಲಿಲ್ಲ.

ಹುಮೇರಾ ಏನೋ ಕೇಳಲು ಬಾಯಿ ತೆರೆದಳು.

"ಹಾಲು ಆರ್ತಾ ಇದೆ, ಕುಡಿ."

ಮತ್ತೆ ಫೋನ್. ಈ ಸಲ ಬೃಂದಾ, ಲ್ಯಾಬಿನ ಕಿರಿಯಳು, ಪಿರಿಯಾಪಟ್ಟಣದ ಹುಡುಗಿ.

"ನಾನ್ ನಿಮ್ ಪ್ಲೇಟ್ ಮುಟ್ಟೇ ಇಲ್ಲ ಕಣಕ್ಕಾ. ಸರ್‌ಗೆ ನೀವೊಂದ್ ಮಾತ್ ಏಳಿ."

"ನೋಡ್ತೀನಿ ಬಿಡು."

"ನೋಡೋದೇನಕ್ಕಾ? ಮನೇಲಿ ಏನಂತ ಏಳ್ಲಿ ನಾನು?"

"ಕೈಯೆಲ್ಲ ಹಿಟ್ಟು ಬೃಂದಾ. ಆಮೇಲೆ ಮಾಡ್ತೀನಿ."

"ನೀವ್ಯಾಕೆ ಹಿಟ್ಟು..." ಎನ್ನುತ್ತಿದ್ದಂತೆ ಸುಫಿಯಾ ಮಗಳಿಗೆ ಕಣ್ಸನ್ನೆ ಮಾಡಿದಳು. ಹುಮೇರಾ ಫೋನ್ ಕಟ್ ಮಾಡಿದಳು.

ಒಲೆಯ ಕಡೆಯಿಂದ ಅತ್ತೆ ಗುಲ್ಜಾರ್ ಬೀ ಕೂಗಿದರು. "ಫೋನಲ್ಲೇ ಬನ್ ಬೇಯಿಸ್ತೀಯೇನೇ? ಗಿರಾಕಿ ನಿಂತವ್ರೆ!"

ಸುಫಿಯಾ ನಲ್ಲಿ ತಿರುಗಿಸಿದಳು. ಕೊಳವೆ ಕೆಮ್ಮಿ ಬರೀ ಗಾಳಿ ಉಗುಳಿತು. ನೀರು ಬರಲಿಲ್ಲ. ಅವಳು ಆ ಗಾಳಿಯ ಕೆಳಗೇ ಎರಡೂ ಕೈ ಹಿಡಿದು ತಿಕ್ಕತೊಡಗಿದಳು, ಬೆರಳ ಸಂದಿಗಳನ್ನು, ಉಗುರುಗಳನ್ನು, ಮಣಿಕಟ್ಟನ್ನು, ತುಂಬಾ ಹೊತ್ತು.

ಹಿಂದಿನಿಂದ ಹುಮೇರಾ ಕೊನೆಗೂ ಕೇಳಿದಳು.

"ಅಮ್ಮಿ, ಬೃಂದಾ ಆಂಟಿ ಮುಟ್ಟಿಲ್ಲಾಂದ್ರೆ, ಮುಟ್ಟಿದ್ದು ಯಾರು?"