ಇಳಿಯುವ ಹೊತ್ತು

ತೊಗರಿಬೇಳೆಯಲ್ಲಿನ ಹರಳು ಆರಿಸುತ್ತಿದ್ದ ವತ್ಸಲಾಳ ಕೈ ಮೊರದಲ್ಲೇ ನಿಂತಿತು. ಮೈದಾನದ ಮೈಕಿನಲ್ಲಿ ತನ್ನ ಹೆಸರು. ಏಳು ದಿನ ಹಗಲು ರಾತ್ರಿ ನಿಲ್ಲದೆ ಸೈಕಲ್ ಹೊಡೆದ ಭೀಮಶಾ ಇವತ್ತು ಹತ್ತು ಗಂಟೆಗೆ ಇಳಿಯುತ್ತಾನೆ, ಆರತಿ ಬೆಳಗಲು ವತ್ಸಲಾಬಾಯಿಯವರು ಬರಬೇಕು, ಅಫಜಲಪುರದಲ್ಲಿ ಬಿ.ಎ. ಕಲಿತ ಹೆಣ್ಣುಮಗಳು ಅವರೊಬ್ಬರೇ ಎಂದು ಸೈಕಲ್ ಆಟ ಏರ್ಪಡಿಸಿದ ಖಂಡಪ್ಪ ಊರಿಗೆಲ್ಲ ಸಾರುತ್ತಿದ್ದ.

"ನೀ ಹೋಗಾಕಿಯೇನು?" ಪೇಪರಿನ ಹಿಂದಿನಿಂದ ಗಂಡ ವಾಮನ ಕೇಳಿದ.

"ಕರದಾರ."

"ಕರದಾರ ಖರೆ."

ಅರವತ್ತೆಂಟನೇ ಇಸವಿಯಲ್ಲಿ ಪಾಸಾದ ಬಿ.ಎ.ಗೆ ಹತ್ತು ವರ್ಷದಲ್ಲಿ ಸಿಕ್ಕ ಮೊದಲ ಕೆಲಸ ಇದು. ಆದರೂ ಅವಳ ಎದೆ ಹುಡುಗಿಯರ ಎದೆಯಂತೆ ಹಾರುತ್ತಿತ್ತು. ದಿನವೂ ಮಾಳಿಗೆಯ ಮೇಲಿನಿಂದ ನೋಡಿದ್ದಳು. ಸರಸಂಬಾದ ಆ ಬಡಕಲು ಮನುಷ್ಯ ಸೈಕಲ್ ಮೇಲೇ ಉಂಡ, ಮಿಂದ, ಗಡ್ಡ ಹೆರೆಸಿಕೊಂಡ. ಕಾಲು ನೆಲಕ್ಕೆ ಮುಟ್ಟಿಸಲಿಲ್ಲ. ರೊಟ್ಟಿ ಬಡಿಯುವಾಗ ಅವಳ ಮೀನಖಂಡಗಳೂ ನೋಯುತ್ತಿದ್ದವು. ಆ ನೋವು ಹಿತವಾಗಿತ್ತು, ತನ್ನದೇ ಎನ್ನುವಂಥದ್ದು ಏನೋ ಒಂದು ಸಿಕ್ಕಂತೆ.

ಅವಳು ಮೈದಾನಕ್ಕೆ ಹೊರಟಾಗ ಮಗಳು ಮಂದಾ ಹಿಂದೆಯೇ ಓಡಿ ಬಂದಳು. ಎಂಟರ ಹುಡುಗಿ, ಬಾಡಿಗೆ ಸೈಕಲ್ ಹೊಡೆಯಲು ಈಗಷ್ಟೇ ಕಲಿತಿದ್ದಳು. ಹೊಡೆಯಲು ಬರುತ್ತಿತ್ತು, ಇಳಿಯಲು ಬರುತ್ತಿರಲಿಲ್ಲ. ಸಾಕಾದಾಗ "ಅವ್ವಾ, ಹಿಡೀ" ಎಂದು ಕೂಗಿದರೆ ವತ್ಸಲಾ ಓಡಿಹೋಗಿ ಸೀಟು ಹಿಡಿಯಬೇಕು. ಏಳು ದಿನದಿಂದ ಭೀಮಶಾನನ್ನು ನೋಡಿದಾಗಲೆಲ್ಲ ಮಂದಾ ಏನೋ ಕೇಳಲು ಬಾಯಿ ತೆರೆಯುತ್ತಿದ್ದಳು, ಕೇಳದೆ ಬಿಡುತ್ತಿದ್ದಳು.

ಹತ್ತು ಹೊಡೆಯಿತು. ಹಲಗೆಯ ಬಡಿತ, ಸೀಟಿ, ಗುಲಾಲು. ವತ್ಸಲಾ ತಟ್ಟೆಯಲ್ಲಿ ಕರ್ಪೂರ ಹಚ್ಚಿ ನಿಂತಳು. ಭೀಮಶಾ ಎದುರಿಗೆ ಬಂದ, ನಿಲ್ಲಲಿಲ್ಲ, ದಾಟಿ ಹೋದ. ಇನ್ನೊಂದು ಸುತ್ತು. ಜನ ಹುಚ್ಚೆದ್ದು ಕುಣಿದರು. ನಮ್ಮ ಹುಲಿಗೆ ಇಳಿಯುವ ಮನಸ್ಸೇ ಇಲ್ಲ ಎಂದು ಖಂಡಪ್ಪ ಮೈಕಿನಲ್ಲಿ ಕಿರುಚಿದ.

ಮೂರನೆಯ ಸುತ್ತಿನಲ್ಲಿ ಅವನು ತೀರ ಹತ್ತಿರ ಬಂದ. ಪಾದಗಳು ಉಬ್ಬಿ ಪೆಡಲಿಗೆ ಅಂಟಿಕೊಂಡಂತಿದ್ದವು.

"ಅಕ್ಕಾರ, ಹಿಡೀರಿ."

ಅವಳಿಗೆ, ಮಂದಾಗೆ ಮಾತ್ರ ಕೇಳಿಸಿತು. ವತ್ಸಲಾಳ ಎರಡೂ ಕೈಯಲ್ಲಿ ತಟ್ಟೆ. ಇಷ್ಟು ಜನರೆದುರು ಅದನ್ನು ಕೆಳಗಿಟ್ಟು ಪರಗಂಡಸಿನ ಸೈಕಲ್ ಹಿಡಿಯುವುದು ಹೇಗೆ? ಅಷ್ಟರಲ್ಲಿ ಅವನು ದಾಟಿದ್ದ. ಮುಂದಿನ ಸುತ್ತಿಗೆ ಹಿಡಿಯೋಣ ಎಂದುಕೊಂಡಳು. ಮುಂದಿನ ಸುತ್ತಿನಲ್ಲೂ ಹಾಗೆಯೇ ಎಂದುಕೊಂಡಳು.

ಹಲಗೆ ಜೋರಾಯಿತು. ಸೈಕಲ್ಲು ಸುತ್ತುತ್ತಿತ್ತು. ಕರ್ಪೂರ ಆರಿಹೋದ ತಟ್ಟೆ ಅವಳ ಕೈಯಲ್ಲಿ ಸುತ್ತುತ್ತಲೇ ಇತ್ತು.

ಮಂದಾ ಸೆರಗು ಜಗ್ಗಿದಳು.

"ಅವ್ವಾ, ಅವಂಗ ಯಾರು ಹಿಡೀತಾರ?"