ಕೇಕಮ್ಮ ಹೊಸ್ತಿಲು ದಾಟದ ದಿನ

ಆ ಓಣಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಕೇಕಮ್ಮ ಅಂದರೆ ಸಾಕು, ಅಂಚೆಯವನೂ ನೇರ ಬಂದು ಇದೇ ಬಾಗಿಲು ತಟ್ಟುತ್ತಿದ್ದ. ಮೂವತ್ತು ವರ್ಷದಿಂದ ಮನೆಯಲ್ಲಿ ಯಾರ ಹುಟ್ಟಿದ ದಿನ ಬರಲಿ, ಯಾರು ಪಾಸಾಗಲಿ, ಯಾರ ಕಾಲಿನ ಬ್ಯಾಂಡೇಜು ಬಿಚ್ಚಲಿ, ಕೇಕು ಅವಳದೇ. ಒಮ್ಮೆ ಮೈದುನನ ಹಲ್ಲುನೋವು ವಾಸಿಯಾಯಿತೆಂದು ಕೇಕು ಮಾಡಿದ್ದಳು. ಅದನ್ನು ತಿಂದು ಹಲ್ಲುನೋವು ಮತ್ತೆ ಬಂತು, ಆ ಮಾತು ಬೇರೆ.

ಅವಳ ಹುಟ್ಟಿದ ದಿನದ ಕೇಕನ್ನು ಮಾತ್ರ ಪ್ರತಿವರ್ಷ ಮನೆಯವರೇ ಮಾಡುತ್ತಿದ್ದರು. ಅಂದರೆ, ಮಾಡಲು ಹೊರಡುತ್ತಿದ್ದರು. "ನೀನು ಕೂತ್ಕೋ, ಇವತ್ತು ನಾವು" ಎಂದು ಗಂಡ ಮೇಸ್ತ್ರಿ ಅಡುಗೆಮನೆಗೆ ನುಗ್ಗುತ್ತಿದ್ದ. ಹತ್ತು ನಿಮಿಷಕ್ಕೆ ಸರಿಯಾಗಿ ಒಳಗಿಂದ ಕೂಗು ಬರುತ್ತಿತ್ತು: "ಏ ಇವಳೇ, ಒಂಚೂರು ಬಾ ಇಲ್ಲಿ, ಇದೊಂದು ನೋಡು." ಅದೊಂದು ನೋಡಲು ಹೋದವಳು ಕೇಕು ಮಾಡಿ, ಕೆನೆ ಬಳಿದು, ಪಾತ್ರೆ ತೊಳೆದು, ಮೇಣದ ಬತ್ತಿಯನ್ನೂ ತಾನೇ ಹಚ್ಚಿ ಹೊರಗೆ ಬರುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವಳಿಗೆ ಆಗ ನಿದ್ದೆ ಬರುತ್ತಿರುತ್ತಿತ್ತು.

ಈ ಸಲ ಅರವತ್ತು ತುಂಬುವ ದಿನ ಬೆಳಿಗ್ಗೆಯೇ ಕೇಕಮ್ಮ ಹಜಾರದ ಕುರ್ಚಿಯಲ್ಲಿ ಕೂತು ಶಪಥ ಮಾಡಿದಳು. "ಕೇಕು ನನ್ನ ಕೈಗೆ ಬರೋ ತನಕ ನಾನು ಅಡುಗೆಮನೆ ಹೊಸ್ತಿಲು ದಾಟಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ಬೇರೆಯವರು ಮಾಡಿದ ಕೇಕು ತಿನ್ಬೇಕು ನಾನು. ಅಷ್ಟೇ ನನ್ನಾಸೆ."

ಮಗಳು ಇದಕ್ಕೆ ಸಾಕ್ಷಿ ನಿಂತಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಹನ್ನೆರಡು ವರ್ಷ ಹೊಸಬರ ಪಕ್ಕ ಕೂತು ಕೂತು ಅವಳ ಬಲಗಾಲಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಎದುರಿಗೆ ಯಾರು ತಪ್ಪು ಮಾಡಲು ಹೊರಟರೂ ಕಾಲು ತಾನಾಗಿ, ಬ್ರೇಕ್ ಒತ್ತುವ ಹಾಗೆ, ನೆಲ ಒತ್ತುತ್ತಿತ್ತು.

"ದಾಟಿದ್ರೆ ನೋಡಮ್ಮ, ಇನ್ನು ಮುಂದೆ ನಿನ್ನ ಕೇಕು ನೀನೇ ಮಾಡ್ಕೋ. ಈ ಮನೇಲಿ ಯಾರೂ ಇನ್ನೊಂದು ಸಲ ನಾಟಕ ಆಡಲ್ಲ."

"ಆಯ್ತು."

"ಬಾಯಲ್ಲೂ ಹೇಳ್ಕೊಡೋ ಹಾಗಿಲ್ಲ."

"ಅದೂ ಆಯ್ತು," ಎಂದು ಕೇಕಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಆ ಕೈಗಳ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ.

ಊಟವಾದ ಮೇಲೆ ಮೇಸ್ತ್ರಿ ಕೆಲಸಕ್ಕಿಳಿದ. ಊರಲ್ಲಿ ಅರ್ಧ ಗೋಡೆ ಅವನು ಎಬ್ಬಿಸಿದ್ದು, ಮುಕ್ಕಾಲು ನೆಲ ಅವನು ಹಾಸಿದ್ದು. ಮಂಡಿ ಸೋತು ಕೆಲಸ ಬಿಟ್ಟು ಎರಡು ವರ್ಷವಾಗಿದ್ದರೂ ಸಲಕರಣೆಯ ಚೀಲ ಮಂಚದ ಕೆಳಗೇ ಇತ್ತು. ಜೊತೆಗೆ ಅವನ ತಮ್ಮ ಪೇಂಟರ್. ಅಣ್ಣ ಕಟ್ಟಿದ್ದಕ್ಕೆಲ್ಲ ಬಣ್ಣ ಬಳಿದುಕೊಂಡೇ ತಲೆ ನರೆತವನು.

"ಕೇಕು ಅಂದ್ರೆ ಏನೋ ತಮ್ಮಾ? ಕಲಸೋದು, ಅಚ್ಚಿಗೆ ಹಾಕೋದು, ಮಟ್ಟ ಮಾಡೋದು, ಬಿಡೋದು. ನಲವತ್ತು ವರ್ಷ ನಾವು ಅದನ್ನೇ ಮಾಡಿದ್ದು. ಸಕ್ಕರೆ ಒಂದು ಹಾಕ್ತಿರ್ಲಿಲ್ಲ."

ಹಜಾರದಲ್ಲಿ ಕೂತ ಕೇಕಮ್ಮನಿಗೆ ಒಳಗಿನದೆಲ್ಲ ಕಿವಿಯಲ್ಲೇ ಕಾಣುತ್ತಿತ್ತು. ಮೊದಲು ಜರಡಿಯ ಸದ್ದು. ಅವಳ ಹಿಟ್ಟಿನ ಜರಡಿ ಚಿಕ್ಕದು, ಚಿಟಿಚಿಟಿ ಅನ್ನುತ್ತದೆ. ಇದು ಝರ್ರೋ ಝರ್ರೋ ಅಂದಿತು.

"ಮರಳು ಜರಡಿ," ಎಂದಳು ಮೆಲ್ಲಗೆ.

"ತೊಳ್ದಿದಾರಂತೆ ಬಿಡಮ್ಮ."

ಆಮೇಲೆ ಹಿಟ್ಟನ್ನು ಗುಡ್ಡೆ ಹಾಕಿದ ಸದ್ದು, ನಡುವೆ ಗುಳಿ ತೋಡಿದ ಸದ್ದು, ಹಾಲು ಸುರಿದ ಸದ್ದು, ಗಾರೆ ಮೆತ್ತುವ ಕರಣೆ ಬಾಂಡ್ಲಿಗೆ ತಾಗಿದ ಕಣಕಣ. "ಬದು ಒಡೀತು, ಒಡೀತು! ಆ ಕಡೆ ಕಟ್ಟೋ, ಹಾಲು ಓಡ್ತಾ ಇದೆ!" ಎಂದು ಮೇಸ್ತ್ರಿ ಕೂಗಿದ. ಕೇಕಮ್ಮ ಅರ್ಧ ಎದ್ದಳು. ಮಗಳ ಕಾಲು ಟಪ್ಪೆಂದು ನೆಲ ಒತ್ತಿತು. ಕೇಕಮ್ಮ ಕೂತಳು.

ಸ್ವಲ್ಪ ಹೊತ್ತಿಗೆ ಪೇಂಟರ್ ಹುಬ್ಬಿನ ತುಂಬ ಹಿಟ್ಟು ಮೆತ್ತಿಕೊಂಡು ಹೊಸ್ತಿಲಿಗೆ ಬಂದ. ಕೇಕಮ್ಮ ಶಪಥಕ್ಕೆ ಮೊದಲೇ ಬರೆದುಕೊಟ್ಟಿದ್ದ ಚೀಟಿ ಅವನ ಕೈಯಲ್ಲಿ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು.

"ಅತ್ತಿಗೇ, ಮೊಟ್ಟೆ ಅಂತ ಇದೆ. ಎಷ್ಟು ಅನ್ನೋದು ಅಳಿಸಿಹೋಗಿದೆ."

"ಚಿಕ್ಕಪ್ಪಾ, ಪ್ರಶ್ನೆ ಕೇಳೋ ಹಾಗಿಲ್ಲ!"

"ನಾನೆಲ್ಲಿ ಅತ್ತಿಗೇನ ಕೇಳ್ದೆ? ಗಡಿಯಾರಾನ ಕೇಳ್ತಿದೀನಿ." ಅವನು ಗೋಡೆಗೆ ಕೈ ಮುಗಿದ. "ಗಡಿಯಾರಪ್ಪಾ, ಮೊಟ್ಟೆ ಎಷ್ಟಪ್ಪಾ?"

ಗಡಿಯಾರ ಸುಮ್ಮನಿತ್ತು. ಕೇಕಮ್ಮ ಸೂರು ನೋಡುತ್ತಾ ಕೆಮ್ಮಿದಳು. ಖೊಕ್, ಖೊಕ್, ಖೊಕ್, ಖೊಕ್. ಲೆಕ್ಕ ಸರಿಯಾಗಿ ನಾಲ್ಕು. ಪೇಂಟರ್ ಕಣ್ಣು ಹೊಡೆದು ತಲೆ ಅಲ್ಲಾಡಿಸಿದ. ಅವನ ಹುಬ್ಬಿನ ಹಿಟ್ಟು ಹಾರಿ ಬಂದು ಅವಳ ಗಂಟಲಿಗೆ ಹೋಯಿತು. ಈಗ ನಿಜವಾದ ಕೆಮ್ಮು ಬಂತು. ಖೊಕ್, ಖೊಕ್, ಖೊಕ್.

"ಏಳು!" ಎನ್ನುತ್ತಾ ಅವನು ಒಳಗೆ ಓಡಿದ.

"ಅಯ್ಯೋ, ಅದಲ್ಲ..." ಎಂದು ಬಾಯಿ ತೆರೆದಳು. ಮಗಳು ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಏಳು ಮೊಟ್ಟೆ ಒಂದರ ಹಿಂದೊಂದು ಒಡೆದವು. ಪ್ರತಿಯೊಂದಕ್ಕೂ ಕೇಕಮ್ಮ ಕಣ್ಣು ಮುಚ್ಚಿದಳು.

ಇಷ್ಟನ್ನೂ ಅವಳು ಸಹಿಸಿದಳು. ಆದರೆ ಆಮೇಲೆ ಬಂತು ನೋಡಿ, ಅವಳು ಎಣಿಸಿರದ ಮಾತು.

"ತಮ್ಮಾ, ಹಿಟ್ಟು ತಟ್ಟೇಲಿ ಒಂದೇ ಕಡೆ ಜಾರ್ತಿದೆ. ಮಟ್ಟ ಅಳೀಬೇಕು, ನನ್ನ ಚೀಲದಿಂದ ರಸಮಟ್ಟ ತಗೊಂಡ್ ಬಾ."

ಕೇಕಮ್ಮ ಕುರ್ಚಿಯ ತುದಿಗೆ ಬಂದಳು.

ಆ ಅಡುಗೆಮನೆಯ ನೆಲ ಮೇಸ್ತ್ರಿ ಹಾಸಿದ್ದು. ಊರವರ ನೆಲವನ್ನೆಲ್ಲ ಕನ್ನಡಿಯಂತೆ ಹಾಸಿದವನು ಸ್ವಂತ ಮನೆಯದನ್ನು ಎರಡು ಭಾನುವಾರಗಳ ಸಂದಿಯಲ್ಲಿ, ಅವಸರದಲ್ಲಿ ಮುಗಿಸಿದ್ದ. ಅದು ಹಜಾರದ ಕಡೆಗೆ ಎರಡು ಬೆರಳು ಇಳಿಜಾರು. ಅವಳಿಗೆ ಗೊತ್ತಾದದ್ದು ಮೊದಲ ಕೇಕಿನ ದಿನ. ಓವನ್ ಇಟ್ಟ ಮೇಜು ಆ ನೆಲದ ಮೇಲೆ ನಿಂತಿತ್ತಲ್ಲ, ಕೇಕು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ಬಾಗಿಲಿಗೆ ಕೊಡುವ ಬೆಣೆಯ ಹಾಗೆ ಬಂದಿತ್ತು. ಮೇಜಿನ ಕಾಲಿಗೆ ಒಂದು ಚಕ್ಕೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಚಕ್ಕೆ ಕಂಡರೆ ಮೇಸ್ತ್ರಿ ಯಾಕೆಂದು ಕೇಳುತ್ತಾನೆ. ಮಟ್ಟದ ವಿಷಯದಲ್ಲಿ ತಪ್ಪಿದೆನೆಂದು ತಿಳಿದರೆ ಆ ಮನುಷ್ಯ ಮೂರು ದಿನ ಊಟ ಬಿಡುತ್ತಾನೆ. ಹಾಗಾಗಿ ಅವಳು ಬೇರೆ ದಾರಿ ಹಿಡಿದಳು. ಅರ್ಧ ಬೆಂದಾಗ ತಟ್ಟೆ ತಿರುಗಿಸುವುದು. ಉಳಿದ ಓರೆಯನ್ನು ಕೆನೆಯಿಂದ ಮುಚ್ಚುವುದು. ತೆಳ್ಳಗಿನ ಕಡೆಗೆ ಮೂರು ಬೆರಳು ಕೆನೆ ಬೀಳುತ್ತಿತ್ತು. ಆ ತುಂಡನ್ನು ಯಾವಾಗಲೂ ಮೇಸ್ತ್ರಿಗೇ ಕೊಡುತ್ತಿದ್ದಳು. "ನನ್ನ ಹೆಂಡ್ತಿಗೆ ನನ್ನ ಕಂಡ್ರೆ ಎಷ್ಟು ಪ್ರೀತಿ ನೋಡ್ರೋ" ಎಂದು ಅವನು ಮೀಸೆಯ ಕೆನೆ ಒರೆಸುತ್ತಿದ್ದ. ಅದೂ ಸುಳ್ಳೇನಲ್ಲ.

ಒಳಗೆ ರಸಮಟ್ಟವನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ ಮೇಸ್ತ್ರಿಯ ದನಿ. "ಮೇಜು ಓರೆ ಇದೆ."

"ಅಣ್ಣಾ, ಮೇಜಲ್ಲ. ನೆಲದ ಮೇಲಿಟ್ಟು ನೋಡು."

ರಸಮಟ್ಟ ನೆಲಕ್ಕೆ ತಾಗಿದ ಸದ್ದು.

"ರಸಮಟ್ಟ ಕೆಟ್ಟಿದೆ."

"ಇನ್ನೊಂದಿದೆ, ತಗೋ."

"ಇದೂ ಕೆಟ್ಟಿದೆ."

"ಎರಡೂ ಒಂದೇ ಥರ ಕೆಡುತ್ತಾ ಅಣ್ಣಾ?"

"ಬಾಯ್ಮುಚ್ಚು. ಒಂದು ಚೊಂಬು ನೀರು ಸುರಿ."

ಚೊಂಬಿನ ನೀರು ನೆಲಕ್ಕೆ ಬಿತ್ತು. ಅಡುಗೆಮನೆಯ ಹೊಸ್ತಿಲೆಂದರೆ ನೆಲದ ಮಟ್ಟಕ್ಕೇ ಇದ್ದ ಒಂದು ಕಲ್ಲಿನ ಪಟ್ಟಿ, ಅಷ್ಟೆ. ನೀರು ತನಗೆ ಯಾರ ಶಪಥವೂ ಇಲ್ಲವೆಂಬಂತೆ ಅದನ್ನು ದಾಟಿ, ಹಜಾರಕ್ಕೆ ಬಂದು, ಕೇಕಮ್ಮನ ಹೆಬ್ಬೆರಳಿನ ಹತ್ತಿರ ನಿಂತಿತು. ಮಗಳು ಕಾಲು ಮೇಲೆತ್ತಿಕೊಂಡಳು.

ನೀರಿನ ಹಿಂದೆಯೇ ಮೇಸ್ತ್ರಿ ಬಂದ. ಕೈಯಲ್ಲಿ ರಸಮಟ್ಟ, ಮೀಸೆಯಲ್ಲಿ ಹಿಟ್ಟು, ಮುಖ ಮಾತ್ರ ಸಂತೆಯಲ್ಲಿ ಕಳೆದುಹೋದ ಮಗುವಿನದು.

"ಇದು ನಿಂಗೆ ಗೊತ್ತಿತ್ತಾ?"

"ಯಾವುದು ರೀ?"

"ಈ ನೆಲ!"

ಕೇಕಮ್ಮ ಹೆಬ್ಬೆರಳನ್ನು ಒಂದಿಷ್ಟು ಹಿಂದೆಳೆದುಕೊಂಡಳು. "ಅಯ್ಯೋ, ಒಂಚೂರು ಇದೆಯಪ್ಪ. ಅದಕ್ಕೇನೀಗ? ಮೂವತ್ತು ವರ್ಷದಲ್ಲಿ ಕೇಕು ತಿಂದೋರು ಯಾರೂ ಜಾರಿ ಬಿದ್ದಿಲ್ಲ."

"ಮೂವತ್ತು ವರ್ಷ!" ಮೇಸ್ತ್ರಿ ಗೋಡೆ ಹಿಡಿದುಕೊಂಡ, ಹಿಡಿದ ಗೋಡೆಯನ್ನೂ ಅನುಮಾನದಿಂದ ನೋಡಿದ. "ಊರೋರೆಲ್ಲ ಬಂದು ತಿಂದು ಹೋಗಿದಾರೆ. ಎಲ್ರಿಗೂ ಗೊತ್ತಿರುತ್ತೆ. ತಮ್ಮಾ, ಸುತ್ತಿಗೆ ತಗೊಂಡ್ ಬಾ. ಇವತ್ತೇ ಒಡೆದು ಹಾಕ್ತೀನಿ."

"ಅಪ್ಪಾ, ಕೇಕು?"

"ಓರೆ ನೆಲದ ಮೇಲೆ ನಾನು ಕೆಲಸ ಮಾಡಲ್ಲ. ಕೇಕು ನಾಳೆ. ಇಲ್ಲ ನಾಡಿದ್ದು. ನೆಲ ಒಣಗ್ಬೇಕಲ್ಲ."

ಪೇಂಟರ್ ನಿಜವಾಗಿಯೂ ಸುತ್ತಿಗೆ ಹಿಡಿದು ಬಂದ. ಅವನಿಗೆ ಅಣ್ಣ ಹೇಳಿದ್ದು ಮಾಡಿ ಅಭ್ಯಾಸ.

ಕೇಕಮ್ಮನಿಗೆ ಅಳುವೇ ಬಂದಂತಾಯಿತು. ಎದ್ದು ಒಳಗೆ ಹೋದರೆ ಎಲ್ಲ ಸರಿಯಾಗುತ್ತದೆ. ಸುತ್ತಿಗೆ ಕಿತ್ತಿಟ್ಟು, ಗಂಡನ ಬೆನ್ನು ಸವರಿ, ತಾನೇ ತಟ್ಟೆ ಓವನ್ನಿಗೆ ನೂಕಿದರೆ ಅರ್ಧ ಗಂಟೆಯಲ್ಲಿ ಕೇಕು. ಆದರೆ ಅದು ಮತ್ತೆ ಅವಳೇ ಮಾಡಿದ ಕೇಕು. ಅರವತ್ತೂ ಹೀಗೇ ಹೋಯಿತು ಅಂತಾಗುತ್ತದೆ. ಅವಳು ಎದ್ದು ನಿಂತೇಬಿಟ್ಟಳು. ಹೊಸ್ತಿಲ ತನಕ ಎರಡೇ ಹೆಜ್ಜೆ. ಮಗಳು ಎರಡೂ ಕಾಲಿನಿಂದ ನೆಲ ಒತ್ತಿ, "ಅಮ್ಮಾ! ಬ್ರೇಕ್!" ಎಂದು ಕಿರುಚಿದಳು.

ಕೇಕಮ್ಮ ಕಲ್ಲಿನ ಪಟ್ಟಿಗೆ ಒಂದು ಗೇಣು ಮೊದಲು ನಿಂತಳು. ನಿಂತಲ್ಲೇ ಅವಳಿಗೆ ಕಾಲ ಕೆಳಗಿನ ನೀರು ಕಂಡಿತು. ಅಡುಗೆಮನೆಯಿಂದ ಓಡಿಬಂದ ನೀರು ಹಜಾರದಲ್ಲಿ ಅವಳ ಕುರ್ಚಿಯಿಂದ ಮುಂದೆ ಹೋಗಿರಲಿಲ್ಲ. ದುಂಡಗೆ, ನಾಣ್ಯದ ಹಾಗೆ ನಿಂತಿತ್ತು.

"ರೀ, ಹಜಾರದ ನೆಲ ಯಾರು ಹಾಸಿದ್ದು?"

"ನಾನೇ. ಇನ್ಯಾರು?"

"ಇದನ್ನ ಅಳೀರಿ."

ಮೇಸ್ತ್ರಿ ಮಂಡಿ ಹಿಡಿದುಕೊಂಡು ಕೂತು ರಸಮಟ್ಟ ಇಟ್ಟ. ಗಾಜಿನೊಳಗಿನ ಗುಳ್ಳೆ ಅಳ್ಳಾಡದೆ ಎರಡು ಗೆರೆಗಳ ನಡುವೆ ನಿಂತಿತು. ಅವನ ಮುಖಕ್ಕೆ ಜೀವ ಬಂತು. ಅಡ್ಡ ಇಟ್ಟ, ಉದ್ದ ಇಟ್ಟ, ಮೂಲೆಗೆ ಇಟ್ಟ. "ನೋಡ್ರೋ! ಕೂದಲೆಳೆ ಅತ್ತಿತ್ತ ಇಲ್ಲ!"

"ಹಾಗಾದ್ರೆ ಸುತ್ತಿಗೆ ಅಲ್ಲಿಡಿ, ಓವನ್ ಇಲ್ಲಿ ತನ್ನಿ," ಎಂದು ಕೇಕಮ್ಮ ಹೋಗಿ ಕುರ್ಚಿಯಲ್ಲಿ ಕೂತು ಕೈಗಳನ್ನು ಮತ್ತೆ ತೊಡೆಯಡಿ ಸಿಕ್ಕಿಸಿಕೊಂಡಳು.

ಅಣ್ಣತಮ್ಮಂದಿರು ಓವನ್ನನ್ನು ಮೇಜಿನ ಸಮೇತ ಹೊತ್ತು ತಂದರು. ಟಿ.ವಿ.ಯ ಪ್ಲಗ್ ಕಿತ್ತು ಇದರದ್ದು ಚುಚ್ಚಿದರು. ಮೇಸ್ತ್ರಿ ಹಿಟ್ಟಿನ ಮೇಲೆ ಕರಣೆ ಎಳೆದು, ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ಎಳೆದ. ತಟ್ಟೆ ಒಳಗೆ ಹೋಯಿತು. ನಾಲ್ವರೂ ಸಾಲಾಗಿ ಕುರ್ಚಿ ಹಾಕಿಕೊಂಡು, ಟಿ.ವಿ. ನೋಡುವ ಹಾಗೆ ಓವನ್ ನೋಡಿದರು. ಅರ್ಧ ಬೆಂದಾಗ ಕೇಕಮ್ಮನ ಬಲಗೈ ಅಭ್ಯಾಸದಂತೆ ತಟ್ಟೆ ತಿರುಗಿಸಲು ಹೊರಗೆ ಬಂತು. ಮೂರು ಜನ ಒಟ್ಟಿಗೆ ಅದನ್ನು ಹಿಡಿದು ವಾಪಸ್ಸು ತುರುಕಿದರು.

ಕೇಕು ಬಂತು. ಅಂಥ ಮಟ್ಟಸವಾದ ಕೇಕನ್ನು ಆ ಮನೆ ಕಂಡಿರಲಿಲ್ಲ. ಮೇಲೆ ಗೋಲಿ ಇಟ್ಟರೆ ನಿಲ್ಲುವಂತಿತ್ತು. ಪೇಂಟರ್ ಇಟ್ಟೂ ನೋಡಿದ, ನಿಂತಿತು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಮೇಸ್ತ್ರಿ ಒದ್ದೆ ಗೋಣಿಚೀಲ ತಂದು ಕೇಕಿಗೆ ಹೊದಿಸಿ, ಚೊಂಬಿನಿಂದ ನೀರು ಚಿಮುಕಿಸತೊಡಗಿದ.

"ಅಪ್ಪಾ! ಏನ್ ಮಾಡ್ತಿದೀಯ!"

"ಬಿಸೀಲಿ ಹಾಗೇ ಬಿಟ್ರೆ ಬಿರುಕು ಬಿಡುತ್ತೆ ಕಣೇ. ನೀರು ಕುಡಿಸ್ಬೇಕು. ಸಿಮೆಂಟಿಗಾದ್ರೆ ಏಳು ದಿನ ಕುಡಿಸ್ಬೇಕು, ಇದಕ್ಕೆ ಹತ್ತು ನಿಮಿಷ ಸಾಕು."

ಕೇಕಮ್ಮ ತೊಡೆಯಡಿಯ ಕೈಗಳ ಮೇಲೆ ಇನ್ನಷ್ಟು ಭಾರ ಹಾಕಿ ಕೂತಳು. ತನ್ನ ಜೀವಮಾನದ ತಾಳ್ಮೆಯೆಲ್ಲ ಆ ಹತ್ತು ನಿಮಿಷದಲ್ಲಿ ಖರ್ಚಾಯಿತೆಂದು ಅವಳು ಆಮೇಲೆ ಹೇಳುತ್ತಿದ್ದಳು.

ಕೆನೆ ಬಳಿಯುವುದು ಪೇಂಟರನ ಪಾಲು. ಒಂದರ ಮೇಲೊಂದು ಎರಡು ಕೈ ಬಳಿದ, ನಡುವೆ ಫ್ಯಾನ್ ಹಾಕಿ ಒಣಗಿಸಿದ. ಬಣ್ಣ ಅವನೇ ಬೆರೆಸಿದ್ದ. ಕೈ ತನಗೆ ಗೊತ್ತಿದ್ದ ದಾರಿಯಲ್ಲೇ ಹೋಗಿ ಸರಿಯಾಗಿ ಹಜಾರದ ಗೋಡೆಯ ತಿಳಿಹಸಿರನ್ನೇ ತಯಾರು ಮಾಡಿತ್ತು. ಕೇಕಿಗೆ ಬತ್ತಿ ನೆಟ್ಟು, ಗೋಡೆ ಪಕ್ಕದ ಕಪಾಟಿನ ಮೇಲಿಟ್ಟು ಎಲ್ಲರೂ ಕೈತೊಳೆದು ಬಂದರೆ ಕೇಕೇ ಇಲ್ಲ. ಎರಡು ನಿಮಿಷ ಹುಡುಕಿದರು. ಕೊನೆಗೆ ಗೋಡೆಯಲ್ಲಿ ಮೇಣದ ಬತ್ತಿ ನೆಟ್ಟಂತಿದ್ದದ್ದು ನೋಡಿ ಮಗಳು ಪತ್ತೆ ಹಚ್ಚಿದಳು.

ಕೇಕಮ್ಮ ಬತ್ತಿ ಆರಿಸಿದಳು, ಕೂತಲ್ಲೇ. ಚಾಕು ಇಟ್ಟರೆ ಕೇಕು ಕುಂಯ್ ಅಂದಿತು. ಏಳು ಮೊಟ್ಟೆಯ ಕೇಕು ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಮೇಲೆ ಬರುತ್ತಿತ್ತು. ತಳದಿಂದ ನೀರು ಒಸರಿತು. ಮೊದಲ ತುಂಡು ಅವಳ ಬಾಯಿಗೆ. ಅವಳು ಅಗಿದಳು. ಇನ್ನೂ ಅಗಿದಳು. ಮೂರು ಜನ ಅವಳ ದವಡೆಯನ್ನೇ ನೋಡುತ್ತಾ ನಿಂತಿದ್ದರು.

"ಹೇಗಿದೆ?"

"ನಾನು ಮಾಡಿದ್ದರ ಹಾಗೆ ಇಲ್ಲವೇ ಇಲ್ಲ," ಎಂದಳು ಕೇಕಮ್ಮ. ಅವಳ ಮುಖವೆಲ್ಲ ಅರಳಿತ್ತು. "ಇನ್ನೊಂದು ತುಂಡು ಕೊಡಿ."

ಮೇಸ್ತ್ರಿ ಉಬ್ಬಿಹೋದ. ತನ್ನ ತುಂಡು ತೆಗೆದುಕೊಂಡು ಕಚ್ಚಿದ. ಆಮೇಲೆ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ನನ್ನ ತುಂಡಿಗೆ ಕೆನೆ ಎಲ್ಲಿ?"

"ಎಲ್ಲಾ ಕಡೆ ಒಂದೇ ಸಮ ಬಳಿದಿದೀನಿ ಅಣ್ಣಾ. ಮಟ್ಟ ಇದೆಯಲ್ಲ."

"ಯಾವಾಗ್ಲೂ ಮೂರು ಬೆರಳು ಇರ್ತಿತ್ತು!"

"ಅದು ನೆಲ ಓರೆ ಇದ್ದಾಗ ಕಣ್ರೀ," ಎಂದಳು ಕೇಕಮ್ಮ. "ತೆಳ್ಳಗಿರೋ ಕಡೆ ಕೆನೆ ತುಂಬಿಸಿ ನಿಮಗೇ ಕೊಡ್ತಿದ್ದೆ."

ಮೇಸ್ತ್ರಿ ಬಾಯಿ ಆಡಿಸುವುದನ್ನು ನಿಲ್ಲಿಸಿದ. ತುಂಡನ್ನು ನೋಡಿದ, ಅಡುಗೆಮನೆಯ ಕಡೆ ನೋಡಿದ. ಮೂವತ್ತು ವರ್ಷದ ಕೆನೆಯೆಲ್ಲ ಅವನ ಕಣ್ಣ ಮುಂದೆ ಹಾದುಹೋಯಿತೋ ಏನೋ, ಕೆನೆಯಿಲ್ಲದ ಮೀಸೆಯನ್ನೇ ಒರೆಸಿಕೊಂಡ.

"ಅಪ್ಪಾ, ನೆಲ ಯಾವಾಗ ಒಡೆಯೋದು? ನಾಳೇನಾ?" ಎಂದು ಮಗಳು ಕೆಣಕಿದಳು.

"ಯಾವ ನೆಲ? ತಮ್ಮಾ, ಆ ಸುತ್ತಿಗೆ ಒಳಗಿಡೋ, ಯಾರಾದ್ರೂ ಎಡವಿ ಬಿದ್ದಾರು. ಓವನ್ ಎಲ್ಲಿತ್ತೋ ಅಲ್ಲೇ ಇಡು. ನಾಲ್ಕು ಕಾಲೂ ಮೊದಲಿನ ಗುರುತಿಗೇ ಕೂರ್ಬೇಕು, ನೋಡ್ಕೋ."

ಅಣ್ಣತಮ್ಮಂದಿರು ಮೇಜು ಹೊತ್ತು ಒಳಗೆ ಹೋದರು. ಸ್ವಲ್ಪ ಹೊತ್ತು ಬಾಂಡ್ಲಿ ಕೆರೆಯುವ ಸದ್ದು, ಏನೋ ಬಿದ್ದ ಸದ್ದು. ಆಮೇಲೆ ಹಳೆಯ ಕೂಗು.

"ಏ ಇವಳೇ, ಒಂಚೂರು ಬಾ ಇಲ್ಲಿ, ಇದೊಂದು ನೋಡು. ಹಿಟ್ಟು ಗಟ್ಟಿಯಾಗಿ ಬಾಂಡ್ಲಿಗೆ ಹಿಡ್ಕೊಂಡಿದೆ, ಬಿಡ್ತಾನೇ ಇಲ್ಲ!"

ಮಗಳು ಅಮ್ಮನ ಮುಖ ನೋಡಿದಳು. ಕೇಕು ಕೈಗೆ ಬಂದಾಗಿತ್ತು, ಶಪಥದ ಗಡುವು ಮುಗಿದಿತ್ತು. ಕೇಕಮ್ಮ ಕಾಲು ಚಾಚಿ, ಇಲ್ಲದ ಬ್ರೇಕನ್ನು ಬಲವಾಗಿ ಒತ್ತಿದಳು.

"ಏಳು ದಿನ ನೀರು ಕುಡಿಸಿ, ಬಿಡುತ್ತೆ!" ಎಂದು ಕೂಗಿ ಹೇಳಿ, ಮೂರನೇ ತುಂಡಿಗೆ ಕೈಹಾಕಿದಳು.